ಮೂರು ನಾಲ್ಕಾದ ದಿನ

ಭಾನುವಾರ ಸಂಜೆ ಭಾವನ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್ ಸರ್ವರಿಗೆ ಹೊಸ ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡಿನ ಪಿಸಿಐ ದಾರಿಗೇ ಸೇರುವ ವೇಗದ ಡಿಸ್ಕ್) ಕೂರಿಸಿದೆ. ಪರದೆಯಲ್ಲಿ ಲಾಗಿನ್ ಬಂತು, ಮುಚ್ಚಳ ಹಾಕಿ ಮನೆಗೆ ಬಂದೆ. ಸೋಮವಾರ ಒಂಬತ್ತೂವರೆಗೆ ಫೋನು: "ಒಂದು ಬಿಲ್ಲೂ ಬರ್ತಿಲ್ಲ ಕಣೋ. ಜನ ನಿಂತಿದ್ದಾರೆ, ಬೇಗ ಬಾ."

ಹೋಗುವಷ್ಟರಲ್ಲಿ ಭಾವ ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬಿಲ್ ಬರೆಯುತ್ತಿದ್ದರು. ಕೇಬಲ್ ಬದಲಿಸಿದೆ, ಸ್ವಿಚ್ಚಿನ ಪೋರ್ಟ್ ಬದಲಿಸಿದೆ. ಅರ್ಧ ಗಂಟೆ ಹೋಯಿತು. ಕೊನೆಗೆ ನೆಟ್‌ವರ್ಕ್ ಕಾರ್ಡುಗಳ ಪಟ್ಟಿ ತೋರಿಸುವ 'ಐಪಿ ಲಿಂಕ್' ಆಜ್ಞೆ ಟೈಪಿಸಿದಾಗ ಕಂಡಿತು: ಕಾರ್ಡಿನ ಹೆಸರು ಇಎನ್‌ಪಿ3ಎಸ್0 ಇರಬೇಕಾದಲ್ಲಿ ಇಎನ್‌ಪಿ4ಎಸ್0. ಐಪಿ ವಿಳಾಸ ಬರೆದಿಟ್ಟಿದ್ದ ಫೈಲಿನಲ್ಲಿ ಮಾತ್ರ ಹಳೆಯ ಹೆಸರೇ, ಹಾಗಾಗಿ ಕಾರ್ಡಿಗೆ ವಿಳಾಸವೇ ಸಿಕ್ಕಿರಲಿಲ್ಲ.

ಹಿಂದೆ ಲಿನಕ್ಸ್‌ನಲ್ಲಿ ಕರ್ನಲ್‌ಗೆ (ಅದರ ತಿರುಳಿಗೆ) ಮೊದಲು ಸಿಕ್ಕ ಕಾರ್ಡು ಈಥ್0, ಆಮೇಲಿನದು ಈಥ್1. ಎರಡು ಕಾರ್ಡಿದ್ದರೆ ರೀಬೂಟ್ ಆದಾಗ ಹೆಸರು ಅದಲುಬದಲಾಗುವ ಭಯ. ಇಂಟರ್ನೆಟ್ಟಿನಿಂದ ಒಳಗಿನ ನೆಟ್‌ವರ್ಕನ್ನು ಕಾಯುವ ಫೈರ್‌ವಾಲ್ ಯಂತ್ರದಲ್ಲಿ ಹಾಗಾದರೆ ಒಳಗಿನ ಕಾರ್ಡೇ ಹೊರಗಿನದಾಗಿಬಿಡುತ್ತದೆ. ಅದಕ್ಕೇ ಲಿನಕ್ಸ್ ಬೂಟ್ ಆಗುವಾಗ ಎಲ್ಲವನ್ನೂ ಶುರುಮಾಡುವ ಸಿಸ್ಟಮ್‌ಡಿಯ 2013ರಲ್ಲಿ ಬಂದ 197ನೇ ಆವೃತ್ತಿ, ಕಾರ್ಡು ಕೂತಿರುವ ಜಾಗ ನೋಡಿ ಹೆಸರಿಡತೊಡಗಿತು. ಇಎನ್ ಅಂದರೆ ಈಥರ್ನೆಟ್, ಪಿ3 ಅಂದರೆ ಪಿಸಿಐ ಬಸ್ (ಕಾರ್ಡುಗಳು ಬೋರ್ಡಿಗೆ ಸೇರುವ ದಾರಿ) ನಂಬರ್ ಮೂರು, ಎಸ್0 ಅಂದರೆ ಸ್ಲಾಟ್ ಸೊನ್ನೆ. ಈ ಏರ್ಪಾಡು ಒಳ್ಳೆಯದೆಂದೇ ಈಗಲೂ ನನ್ನ ನಂಬಿಕೆ. ಕಾರ್ಡು ಸುಟ್ಟುಹೋಗಿ ಅದೇ ಸ್ಲಾಟಿಗೆ ಬೇರೆ ಹಾಕಿದರೂ ಹೆಸರು ಉಳಿಯುತ್ತದೆ. ಆದರೆ ಬಸ್ ನಂಬರು ಬೋರ್ಡಿನ ಮೇಲೆ ಅಚ್ಚಾದದ್ದಲ್ಲ, ಬೂಟ್ ಆಗುವಾಗ ಎಣಿಸುತ್ತಾ ಹೋಗಿ ಕೊಡುವಂಥದ್ದು. ನನ್ನ ಎಸ್‌ಎಸ್‌ಡಿ ಸರದಿಯ ನಡುವೆ ಬಂದು ಕೂತಿತ್ತು. ಅದರ ಹಿಂದಿದ್ದ ನೆಟ್‌ವರ್ಕ್ ಚಿಪ್ ಮೂರರಿಂದ ನಾಲ್ಕಕ್ಕೆ ಸರಿದಿತ್ತು.

ಫೈಲಿನಲ್ಲಿ ಮೂರನ್ನು ನಾಲ್ಕು ಮಾಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನಾಳೆ ಇನ್ನೊಂದು ಕಾರ್ಡು ಬಂದರೆ? ಸಿಸ್ಟಮ್‌ಡಿ ಓದುವ ಒಂದು ಲಿಂಕ್ ಫೈಲ್ ಬರೆದು, ಚಿಪ್ಪಿಗೇ ಅಂಟಿಕೊಂಡ ಮ್ಯಾಕ್ ವಿಳಾಸಕ್ಕೆ 'ಅಂಗಡಿ0' ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕಟ್ಟಿ, ಐಪಿ ಫೈಲಿನಲ್ಲೂ ಅದನ್ನೇ ಬರೆದೆ. ಈಥ್0 ಎಂದೇ ಇಡಬಹುದಿತ್ತಲ್ಲ ಅಂದರೆ, ಅದು ಕರ್ನಲ್ ತಾನೇ ಹಂಚುವ ಹೆಸರು. ಕರ್ನಲ್ಲೂ ನನ್ನ ಫೈಲೂ ಒಂದೇ ಹೆಸರಿಗೆ ಕೈ ಹಾಕಿದರೆ ಗಲಾಟೆ. ರೀಬೂಟ್ ಮಾಡಿದೆ. ಮತ್ತೆ ಇಎನ್‌ಪಿ4ಎಸ್0! ಎದೆ ಧಸಕ್ಕೆಂದಿತು. ಆ ಸರ್ವರಿನಲ್ಲಿದ್ದ ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ, ಬೂಟಿನ ಮೊದಲ ಹಂತಕ್ಕೆ ಬೇಕಾದ ಫೈಲುಗಳ ಕಟ್ಟಾದ ಇನಿಟ್‌ರಾಮ್‌ಎಫ್‌ಎಸ್ ಒಳಗೂ ಈ ಫೈಲಿನ ಪ್ರತಿ ಇರಬೇಕು. ಅದನ್ನು ಹೊಸದಾಗಿ ಕಟ್ಟಿಸಿದ ಮೇಲೆ ಅಂಗಡಿ0 ಕಾಣಿಸಿತು, ಪ್ರಿಂಟರು ಗಿರ್ ಎಂದಿತು.

ಹನ್ನೊಂದೂ ಕಾಲು. ಭಾವ ಕಾರ್ಬನ್ ಬಿಲ್ಲುಗಳನ್ನು ಕಂಪ್ಯೂಟರಿಗೆ ಹಾಕಲು ಕೂತರು. ನಾನು ಪಕ್ಕದಲ್ಲಿ ಕೂತು ಒಂದೊಂದೇ ಓದಿ ಹೇಳಿದೆ.