ಎರಡಡಿ ಟ್ಯಾಂಕಿನಲ್ಲಿ ಯಾರ ಜೊತೆ ಯಾರು

ಎರಡಡಿ ಟ್ಯಾಂಕಿಗೆ ಯಾವ ಮೀನು ತರಲಿ ಎಂದು ಯಾರಾದರೂ ಕೇಳಿದರೆ, ನಿಮ್ಮ ಮನೆಯಲ್ಲಿ ಮೇ ತಿಂಗಳು ಹೇಗಿರುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಅವರು ಬಣ್ಣದ ಮಾತು, ಜೋಡಿಗೆಷ್ಟು ಎಂಬ ಮಾತು ಬರುತ್ತದೆ ಅಂದುಕೊಂಡಿರುತ್ತಾರೆ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ಮೂರನೇ ಮಹಡಿ, ಹಾಲ್‌ಗೆ ಪಶ್ಚಿಮದ ಕಿಟಕಿ, ಏಸಿ ಇಲ್ಲ. ಮೇ ತಿಂಗಳ ಮಧ್ಯಾಹ್ನ ಟ್ಯಾಂಕಿನ ನೀರು 31 ಡಿಗ್ರಿ ದಾಟುತ್ತದೆ. ಈ ಒಂದು ಅಂಕಿಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ನಾನು ಒಂದಷ್ಟು ಜೀವಗಳನ್ನು ಕಳೆಯುತ್ತಿರಲಿಲ್ಲ.

ಮಗಳು ಆರನೇ ಕ್ಲಾಸಿಗೆ ಬಂದ ವರ್ಷ ಹುಟ್ಟುಹಬ್ಬಕ್ಕೆ ಟ್ಯಾಂಕು ಬೇಕೆಂದಳು. ಸ್ಟೇಷನ್ ಹತ್ತಿರದ ಒಂದು ಅಂಗಡಿಗೆ ಹೋದೆವು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಪೆಟ್ಟಿಗೆ. ಲೆಕ್ಕಕ್ಕೆ 56 ಲೀಟರು ಹಿಡಿಯಬೇಕು. ಮೇಲೆ ಎರಡು ಇಂಚು ಬಿಟ್ಟು, ತಳಕ್ಕೆ ಕಲ್ಲು ಹಾಸಿದ ಮೇಲೆ ನಿಲ್ಲುವ ನೀರು 45ರ ಆಚೀಚೆ. ಅದೇ ಸಂಜೆ ಮೀನೂ ಬಂತು: ಎರಡು ಗೋಲ್ಡ್‌ಫಿಶ್, ಒಂದು ಏಂಜಲ್, ಮೂರು ಟೈಗರ್ ಬಾರ್ಬ್, ಒಂದು ಫೈಟರ್, ಗಾಜು ತೊಳೆಯುತ್ತದೆ ಎಂದು ಹೇಳಿ ಕೊಟ್ಟ ಒಂದು ಸಕ್ಕರ್. ಮಗಳು ಪ್ರತಿಯೊಂದನ್ನೂ ಬೆರಳು ಮಾಡಿ ತೋರಿಸಿ ಆರಿಸಿದ್ದಳು. ಐದು ಬಗೆ, ಐದು ಬಣ್ಣ. ಆ ರಾತ್ರಿ ಟ್ಯಾಂಕಿನ ದೀಪ ಆರಿಸಲು ಅವಳಿಗೆ ಮನಸ್ಸೇ ಇರಲಿಲ್ಲ.

ಮೂರನೇ ದಿನಕ್ಕೆ ಫೈಟರ್‌ನ ಬಾಲ ಹರಿದ ರಿಬ್ಬನ್ನಿನ ಹಾಗಾಗಿತ್ತು. ಟೈಗರ್ ಬಾರ್ಬ್ ಕೆಟ್ಟ ಮೀನೇನಲ್ಲ. ಅದು ಗುಂಪಿನಲ್ಲಿ ಬೆಳೆಯುವ ಜಾತಿ. ಎಂಟು ಹತ್ತು ಇದ್ದರೆ ಒಂದನ್ನೊಂದು ಅಟ್ಟಿಸಿಕೊಂಡು, ತಮ್ಮೊಳಗೇ ಮೇಲು ಕೆಳಗು ತೀರ್ಮಾನಿಸಿಕೊಂಡು ಇರುತ್ತವೆ. ಮೂರೇ ಇದ್ದಾಗ ಆ ಕಚ್ಚಾಟವೆಲ್ಲ ನಿಧಾನಕ್ಕೆ ಈಜುವ, ಉದ್ದ ರೆಕ್ಕೆಯ ಮೀನಿನ ಮೇಲೆ ಬೀಳುತ್ತದೆ. ಫೈಟರ್ ಆಯಿತು, ಆಮೇಲೆ ಏಂಜಲ್‌ನ ಸರದಿ.

ಐದನೇ ದಿನ ನೀರು ಗಂಜಿ ತಿಳಿಯ ಹಾಗೆ ಮಬ್ಬಾಯಿತು. ಗೋಲ್ಡ್‌ಫಿಶ್ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನಾನು ಘಾಟ್ಕೋಪರಿನ ಒಂದು ಪೆಥಾಲಜಿ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ಟೆಕ್ನಿಷಿಯನ್. ಲಿವರ್ ಕೆಟ್ಟ ರೋಗಿಗಳ ರಕ್ತ ಅಮೋನಿಯಾ ಪರೀಕ್ಷೆಗೆ ನಮ್ಮಲ್ಲಿ ಬರುತ್ತದೆ. ಐಸಿನಲ್ಲಿಟ್ಟು ತರಬೇಕು, ತಂದ ಕೂಡಲೇ ಕೈಗೆತ್ತಿಕೊಳ್ಳಬೇಕು. ಆ ಅಂಶ ಏರಿದರೆ ಮನುಷ್ಯ ಮಂಪರಿಗೆ ಜಾರುತ್ತಾನೆ. ಅದನ್ನು ಇಷ್ಟು ವರ್ಷ ಅಳೆದವಳಿಗೆ, ಮೀನು ಕಿವಿರಿನಿಂದ ಹೊರಬಿಡುವುದೂ ಅದೇ ಅಮೋನಿಯಾ, ಹೊಸ ಟ್ಯಾಂಕಿನಲ್ಲಿ ಅದನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಇನ್ನೂ ಹುಟ್ಟಿಯೇ ಇಲ್ಲ ಎಂಬುದು ಹೊಳೆಯಲಿಲ್ಲ. ಎರಡೂ ಗೋಲ್ಡ್‌ಫಿಶ್ ಸತ್ತವು, ಫೈಟರ್ ಸತ್ತಿತು. ಮಗಳು ಕುಂಡದ ಮಣ್ಣಿನಲ್ಲಿ ಹೂತು, ಮೇಲೆ ಒಂದೊಂದು ದಾಸವಾಳ ಇಟ್ಟಳು. ಈಗಲೂ ಆ ಕುಂಡಕ್ಕೆ ನೀರು ಹಾಕುವಾಗ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಉಳಿದವನ್ನು ನಾಲ್ಕಡಿ ಟ್ಯಾಂಕು ಇದ್ದ ಸಹೋದ್ಯೋಗಿಯ ಮನೆಗೆ ಕೊಟ್ಟೆ. ಸಕ್ಕರ್ ಒಂದನ್ನು ಮಾತ್ರ ಅವರು ತೆಗೆದುಕೊಳ್ಳಲಿಲ್ಲ, ಅಂಗಡಿಗೇ ವಾಪಸು ಮಾಡಿದೆ. ಬೆರಳುದ್ದ ಇರುವಾಗ ಮಾರುತ್ತಾರೆ, ಅದು ಒಂದಡಿ ಮೀರಿ ಬೆಳೆಯುತ್ತದೆ. ಬೆಳೆದ ಮೇಲೆ ಸಾಕಲಾಗದೆ ಜನ ಕೆರೆಗೋ ಹೊಳೆಗೋ ಬಿಟ್ಟು ಬರುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ನಮ್ಮ ದೇಶದ ನೀರಿನಲ್ಲಿ ಬೇರೂರಿ ಇಲ್ಲಿನ ಮೀನುಗಳಿಗೆ ಕಂಟಕವಾಗಿರುವುದು ಹೀಗೆಯೇ. ದಯವಿಟ್ಟು ಬಿಡಬೇಡಿ. ಸಾಕಲಾಗದಿದ್ದರೆ ಅಂಗಡಿಗೆ ಕೊಡಿ, ದುಡ್ಡು ಕೇಳದೆ ಕೊಡಿ.

ಆ ಬ್ಯಾಕ್ಟೀರಿಯಾ ಬೆಳೆಯಲೆಂದು ಆಮೇಲೆ ಆರು ವಾರ ಟ್ಯಾಂಕಿನಲ್ಲಿ ಮೀನೇ ಇರಲಿಲ್ಲ. ಒಂದು ಸ್ಪಾಂಜ್ ಫಿಲ್ಟರು, ಏರ್ ಪಂಪು, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ, ಅಷ್ಟೇ. ಆ ಆಹಾರ ಕೊಳೆತು ಅಮೋನಿಯಾ ಏರಿತು, ಅದು ಇಳಿಯುವಾಗ ನೈಟ್ರೈಟ್ ಏರಿತು, ಅದೂ ಇಳಿದು ಕೊನೆಗೆ ಮೀನಿಗೆ ಅಷ್ಟು ಕೆಡುಕಲ್ಲದ ನೈಟ್ರೇಟ್ ಉಳಿಯಿತು. ಹನಿ ಹಾಕಿ ಬಣ್ಣ ನೋಡುವ ಕಿಟ್ಟಿನಲ್ಲಿ ಮಗಳೇ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಳು. ಖಾಲಿ ಟ್ಯಾಂಕಿಗೆ ದೀಪ ಯಾಕೆ ಎಂದು ನಮ್ಮವರು ಕೇಳುತ್ತಿದ್ದರು. ಅದು ಖಾಲಿ ಇಲ್ಲಪ್ಪಾ ಎಂದು ಅವಳು ನೋಟ್‌ಬುಕ್ಕು ತೋರಿಸುತ್ತಿದ್ದಳು.

ಆ ಆರು ವಾರದಲ್ಲಿ ಓದಿದೆ, ಲೆಕ್ಕ ಹಾಕಿದೆ. ನಮ್ಮ ನಲ್ಲಿಗೆ ಬರುವುದು ಉಲ್ಹಾಸ್ ನದಿಯ ನೀರು. ಮೆದು ನೀರು. ಲ್ಯಾಬಿನ ಮೀಟರು ತಂದು ಇಟ್ಟರೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಂಶ, ನೂರರ ಒಳಗೇ ತೋರಿಸಿತು. ಕ್ಲೋರಿನ್ ಒಂದನ್ನು ಆ್ಯಂಟಿ-ಕ್ಲೋರಿನ್ ಹನಿ ಹಾಕಿ ತೆಗೆದರೆ, ಅಮೆಜಾನ್ ಕಡೆಯ ಟೆಟ್ರಾ ಎಂಬ ಸಣ್ಣ ಮೀನುಗಳಿಗೆ ಇದು ಒಳ್ಳೆಯ ನೀರು. ಗಪ್ಪಿ, ಮಾಲಿ ಮೀನುಗಳಿಗೆ ಗಡಸು ನೀರು ಬೇಕು. ಎದುರು ಮನೆಯವರ ಮಾಲಿಗಳು ರೆಕ್ಕೆ ಮುದುಡಿಕೊಂಡು ನಿಂತಲ್ಲೇ ತೂಗಾಡುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಬೇಸಿಗೆಯಲ್ಲಿ ಸೊಸೈಟಿಯವರು ಬೋರ್‌ವೆಲ್ ಟ್ಯಾಂಕರ್ ತರಿಸುತ್ತಾರೆ. ಅದೇ ಮೀಟರು ಆ ದಿನ 600 ದಾಟಿತು. ಟ್ಯಾಂಕರ್ ಬಂದ ವಾರ ನಾನು ನೀರು ಬದಲಿಸುವುದಿಲ್ಲ. ಮೊದಲೇ ಎರಡು ಬಕೆಟ್ ಹಿಡಿದಿಟ್ಟಿರುತ್ತೇನೆ.

ಇನ್ನು ಸೆಕೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಎಲ್ಲರೂ ಮೊದಲು ಕೇಳುವುದು ನಿಯಾನ್ ಟೆಟ್ರಾ. ಆ ನೀಲಿ ಗೆರೆಗೆ ಮನಸೋಲದವರು ಯಾರು? ಆದರೆ ನಿಯಾನ್‌ಗೆ 26 ಡಿಗ್ರಿಯ ಒಳಗಿನ ನೀರೇ ಹಿತ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ನಿಲ್ಲುವುದು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈ ಚುರುಕಾಗಿ ಹೆಚ್ಚು ಉಸಿರು ಕೇಳುತ್ತದೆ. ನಿಯಾನ್‌ನ ದಾಯಾದಿ ಕಾರ್ಡಿನಲ್ ಟೆಟ್ರಾ ಅಮೆಜಾನಿನ ಉಪನದಿ ರಿಯೊ ನೀಗ್ರೊ ಸೀಮೆಯದು, ಬೆಚ್ಚನೆ ನೀರಿಗೆ ಒಗ್ಗಿದ್ದು. ಕೆಂಪು ಬಣ್ಣ ನಿಯಾನ್‌ಗೆ ಮೈಯ ಹಿಂದಿನ ಅರ್ಧದಲ್ಲಿ ಮಾತ್ರ, ಕಾರ್ಡಿನಲ್‌ಗೆ ಮೂತಿಯಿಂದ ಬಾಲದವರೆಗೆ. ಬೆಲೆ ಹೆಚ್ಚು, ಆದರೂ ನಮ್ಮ ಸೆಕೆಗೆ ಅದೇ ಸರಿ ಎಂದು ಗಟ್ಟಿ ಮಾಡಿದೆ.

ತಳದಲ್ಲಿ ಓಡಾಡುವುದಕ್ಕೆ ಕೋರಿಡೋರಸ್ ಎಂಬ ಮೀಸೆಯ ಸಣ್ಣ ಮೀನು, ಚಿಕ್ಕದಾಗಿ ಕೋರಿ. ಅದರಲ್ಲೂ ಎಷ್ಟೋ ಜಾತಿ. ಮೈತುಂಬ ಬೂದು ಚುಕ್ಕೆಯ ಪೆಪ್ಪರ್ಡ್ ಕೋರಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತದೆ, ಅದು ತಂಪು ನೀರಿನದು. ಕಿತ್ತಳೆ ಬಣ್ಣದ ಎದೆರೆಕ್ಕೆಯ ಸ್ಟರ್ಬೈ ಸೆಕೆ ತಡೆಯುತ್ತದೆ. ಕೋರಿ ಬೇಕೆಂದರೆ ಬಣ್ಣದ ಚೂಪು ಕಲ್ಲು ತೆಗೆಯಲೇಬೇಕು. ಅವು ಮೂತಿಯನ್ನು ತಳದಲ್ಲಿ ಹೂತು ಆಹಾರ ಹುಡುಕುತ್ತವೆ, ಚೂಪು ಕಲ್ಲಿಗೆ ಆ ಮೀಸೆ ಸವೆದು ಹೋಗುತ್ತದೆ. ಮಗಳ ಪ್ರೀತಿಯ ನೀಲಿ ಕಲ್ಲೆಲ್ಲ ತೆಗೆದು ನುಣುಪು ಮರಳು ಹಾಸಿದೆವು. ಅವಳು ಒಂದು ದಿನ ಮಾತು ಬಿಟ್ಟಳು.

ಮೇಲ್ನೀರಿಗೆ ಒಂದು ಜೋಡಿ ಹನಿ ಗೌರಾಮಿ. ಇದು ನಮ್ಮದೇ ಗಂಗಾ ಬ್ರಹ್ಮಪುತ್ರ ಬಯಲಿನ ಮೀನು. ತಲೆಯೊಳಗೆ ಗಾಳಿ ಉಸಿರಾಡುವ ಅಂಗ ಇದೆ, ಮೇಲೆ ಬಂದು ಒಂದು ಗುಟುಕು ಗಾಳಿ ಹೀರಿ ಹೋಗುತ್ತದೆ. ಮೇ ತಿಂಗಳ ದಣಿದ ನೀರಿನಲ್ಲೂ ಅದಕ್ಕೆ ಆತಂಕವಿಲ್ಲ. ಎರಡು ಇಂಚಿಗಿಂತ ಹೆಚ್ಚು ಬೆಳೆಯುವುದಿಲ್ಲ, ಟೆಟ್ರಾ ಬಾಯಿಗೆ ಹಿಡಿಯುವುದಿಲ್ಲ. ಏಂಜಲ್ ಹಾಗಲ್ಲ, ಅದು ಬೆಳೆದರೆ ಟೆಟ್ರಾಗಳು ಅದರ ಊಟ.

ಹೀಗೆ ಎಂಟು ಕಾರ್ಡಿನಲ್, ಆರು ಕೋರಿ, ಎರಡು ಗೌರಾಮಿ. ಮೂರೇ ಬಗೆ. ಮಗಳ ಮುಖ ಸಪ್ಪಗಾಯಿತು, ಅವಳಿಗೆ ಹತ್ತು ಬಗೆ ಬೇಕಿತ್ತು. ಹತ್ತು ಬಗೆಯ ಒಂದೊಂದು ಮೀನು ಅಂದರೆ ಹತ್ತು ಒಂಟಿ ಮೀನು ಕಣೇ ಅಂದೆ. ನಿನ್ನನ್ನು ಒಬ್ಬಳನ್ನೇ ಭಾಷೆ ಬಾರದ ಊರಿನ ಶಾಲೆಗೆ ಕಳಿಸಿದ ಹಾಗೆ. ಅವಳು ನೋಟ್‌ಬುಕ್ಕಿನಲ್ಲಿ 8, 6, 2 ಎಂದು ಬರೆದು ಅಡಿಗೆರೆ ಎಳೆದಳು.

ಕುರ್ಲಾದ ಮೀನಿನ ಸಂತೆಗೆ ಹೋದದ್ದು ಭಾನುವಾರ, ಬೆಳಗಿನ ಜಾವ. ಕತ್ತಲಿರುವಾಗಲೇ ಸ್ಲೋ ಲೋಕಲ್ ಹಿಡಿದು ಕುರ್ಲಾ ಪಶ್ಚಿಮಕ್ಕೆ ಇಳಿದರೆ, ರಸ್ತೆ ಬದಿಯಲ್ಲಿ ಆಮ್ಲಜನಕ ತುಂಬಿ ಉಬ್ಬಿಸಿದ ಪ್ಲಾಸ್ಟಿಕ್ ಚೀಲಗಳ ಸಾಲು, ಒಳಗೆ ನೂರಾರು ಮೀನು. ಬ್ಯಾಟರಿ ಬೆಳಕು ಬಿದ್ದಾಗ ಒಂದು ಚೀಲ ಇಡಿಯಾಗಿ ನೀಲಿ ಮಿಂಚುತ್ತದೆ. ಅಲ್ಲಿ ನಿಂತರೆ ಆಸೆ ತಡೆಯುವುದು ಕಷ್ಟ. ನಾನು ಚೀಟಿ ಕೈಯಲ್ಲಿ ಹಿಡಿದೇ ನಿಂತಿದ್ದೆ. ಗುಲಾಬಿ, ಹಸಿರು ಬಣ್ಣದ ಗಾಜುಮೀನು ಬಂತು. ಅದು ನಮ್ಮ ದೇಶದ್ದೇ ಪಾರದರ್ಶಕ ಮೀನು, ಸೂಜಿಯಿಂದ ಮೈಯೊಳಗೆ ಬಣ್ಣ ಹಾಕಿರುತ್ತಾರೆ. ಅದನ್ನು ಕೊಳ್ಳುವುದೂ ತಪ್ಪು ಎಂದು ನನ್ನ ಗಟ್ಟಿ ಅಭಿಪ್ರಾಯ. ಆಮೇಲೆ ಮಿಸ್ ಕೇರಳ ಬಂತು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಮೀನು, ಕೆಂಪು ಗೆರೆಯ ಚೆಲುವೆ, ಅಳಿವಿನಂಚಿನ ಪಟ್ಟಿಯಲ್ಲಿರುವುದು. ಅರ್ಧ ಅಡಿ ಬೆಳೆದು, ಗುಂಪಾಗಿ, ಹರಿಯುವ ನೀರಿನಲ್ಲಿ ಓಡಬೇಕಾದ ಜೀವ. ಎರಡಡಿ ಅದಕ್ಕೆ ಜೈಲು.

ಚೀಲ ಆರಿಸುವಾಗ ನಾನು ನೋಡುವುದು ಇಷ್ಟು: ತಳದಲ್ಲಿ ಒಂದಾದರೂ ಸತ್ತ ಮೀನಿದ್ದರೆ ಆ ಚೀಲ ಬೇಡ. ಹೊಟ್ಟೆ ಒಳಗೆ ಸೇರಿರಬಾರದು, ರೆಕ್ಕೆ ಮೈಗಂಟಿರಬಾರದು. ಮೈಮೇಲೆ ಚಿರೋಟಿ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಇದ್ದರೆ ದೂರ ಇರಿ. ಕೋರಿಯ ರೆಕ್ಕೆಗೆ ಮುಳ್ಳಿದೆ, ಚೀಲ ಚುಚ್ಚುತ್ತದೆ, ಎರಡು ಚೀಲದಲ್ಲಿ ಕಟ್ಟಿಸಿಕೊಂಡೆ. ಇಷ್ಟು ನೋಡಿ ತಂದರೂ ನಾಲ್ಕನೇ ದಿನ ಎರಡು ಕಾರ್ಡಿನಲ್ ಮೈಮೇಲೆ ರವೆ ಕಾಣಿಸಿತು. ಪುಣ್ಯಕ್ಕೆ ಅವು ಟ್ಯಾಂಕಿನಲ್ಲಿರಲಿಲ್ಲ. ಬಚ್ಚಲಿನ ಪಕ್ಕದ ಪ್ಲಾಸ್ಟಿಕ್ ಟಬ್ಬಿನಲ್ಲಿ, ಬೇರೆ ಫಿಲ್ಟರಿನ ಜೊತೆ ಮೂರು ವಾರ ಇಟ್ಟಿದ್ದೆ. ಔಷಧ ಹಾಕಿದೆ. ಒಂದು ಹೋಯಿತು, ಏಳು ಉಳಿದವು. ಮುಂದಿನ ತಿಂಗಳು ಎರಡು ತಂದು ಒಂಬತ್ತಾಯಿತು. ಮೊದಲು ಟೆಟ್ರಾ, ಎರಡು ವಾರ ಬಿಟ್ಟು ಕೋರಿ, ಕೊನೆಗೆ ಗೌರಾಮಿ. ಗೌರಾಮಿ ಗಂಡು ತನ್ನ ಮೂಲೆ ಕಾಯುವ ಸ್ವಭಾವದ್ದು, ಅದು ಕೊನೆಗೇ ಬರಬೇಕು.

ಮಳೆಗಾಲ ಮುಗಿದ ಮೇಲೆ ಅಪ್ಪಯ್ಯ ಕುಂದಾಪುರದಿಂದ ಬಂದರು. ಎಪ್ಪತ್ತೆರಡು ವರ್ಷ ಮೀನು ಹಿಡಿದು, ಮೀನು ತಿಂದು ಬಾಳಿದವರು. ಮೊದಲ ದಿನ ಟ್ಯಾಂಕಿನ ಮುಂದೆ ಕೈಕಟ್ಟಿ ನಿಂತು, "ಇದೆಂತ ಹೆಣ್ಣೆ, ಇಷ್ಟ್ ಸಣ್ ಮೀನಿಗೆ ಇಷ್ಟ್ ಕೆಲ್ಸ ಇತ್ತಾ?" ಅಂದರು. ಎರಡನೇ ದಿನ ಕುರ್ಚಿ ಎಳೆದುಕೊಂಡು ಕೂತರು. ನಮ್ಮ ಗದ್ದೆ ತೋಡಿನಲ್ಲಿ, ನೆತ್ತಿಯ ಮೇಲೆ ಬೆಳ್ಳಿ ಬೊಟ್ಟು ಹೊಳೆಯುವ ಒಂದು ಮೀನಿದೆಯಲ್ಲ, ಮುಂದಿನ ಸಲ ಬಾಟಲಿಯಲ್ಲಿ ತರಲೇ ಎಂದು ಕೇಳಿದರು. ನನಗೆ ಗೊತ್ತು ಆ ಮೀನು, ಸೊಳ್ಳೆ ಮರಿ ತಿನ್ನುವ ಪ್ಯಾಂಚಾಕ್ಸ್. ಅದರ ಬಾಯಿ ದೊಡ್ಡದು ಅಪ್ಪಯ್ಯ, ಈ ಕೆಂಪು ಮೀನು ಒಂದೂ ಉಳಿಯುವುದಿಲ್ಲ ಅಂದೆ. ಅವರು ತಲೆಯಾಡಿಸಿದರು. ಯಾರ ಬಾಯಿಗೆ ಯಾರು ಹಿಡಿಯುತ್ತಾರೆ ಎಂಬ ಲೆಕ್ಕ ಅವರಿಗೆ ನನ್ನಿಂದ ಕಲಿಯಬೇಕಾದದ್ದಲ್ಲ.

ಮೂರನೇ ದಿನ ಸಂಜೆ, ದೀಪ ಹಾಕುವ ಹೊತ್ತು. ಕೋರಿಗಳು ಮರಳಿನಲ್ಲಿ ಮೂತಿ ಹೂತು, ಕಿವಿರಿನಿಂದ ಮರಳು ಸೋಸಿ ಬಿಡುತ್ತ ಸಾಲಾಗಿ ಬಂದವು. ಒಂದು ಗಾಜಿನ ಹತ್ತಿರ ಅಪ್ಪಯ್ಯನ ಎದುರಿಗೇ ನಿಂತಿತು.

"ಹೆಣ್ಣೆ, ಇಲ್ ಬಾ. ಇದ್ ಕಣ್ ಹೊಡಿತ್ ಕಾಣ್."

"ಹೌದಪ್ಪಯ್ಯ, ಅವು ಹೊಡೀತಾವೆ."

"ಮೀನಿಗೆ ರೆಪ್ಪೆ ಎಲ್ಲಿತ್ತ್?"

ರೆಪ್ಪೆ ಇಲ್ಲ, ಅವು ಕಣ್ಣುಗುಡ್ಡೆಯನ್ನೇ ಸರಕ್ಕನೆ ಕೆಳಕ್ಕೆ ಹೊರಳಿಸುತ್ತವೆ, ನೋಡುವವರಿಗೆ ಮಿಟುಕಿಸಿದ ಹಾಗೆ ಕಾಣುತ್ತದೆ ಎಂದು ಹೇಳಿದೆ. ಅವರು ನಂಬಲಿಲ್ಲ. ಕನ್ನಡಕ ತರಿಸಿಕೊಂಡರು. ಊಟಕ್ಕೆ ಕರೆದರೂ ಏಳಲಿಲ್ಲ. ಮೊಮ್ಮಗಳು ತಟ್ಟೆಯನ್ನು ಅಲ್ಲಿಗೇ ತಂದು ಕೊಟ್ಟು, ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇನ್ನೊಮ್ಮೆ ಹೊಡೆದಾಗ ಇಬ್ಬರೂ ಒಟ್ಟಿಗೆ ಎಣಿಸಿದ್ದು ನನಗೆ ಅಡುಗೆ ಮನೆಗೆ ಕೇಳಿಸಿತು.