ಹದಿನಾಲ್ಕು ಮನೆಯ ಹತ್ಯಾರುಗಳು: ಅಂಚೆ ಪುಸ್ತಕದ ಈ ಸುತ್ತಿನ ಟಿಪ್ಪಣಿ

ಜೂನ್ 2025, ಶಿರಸಿ

ಈ ಸಲ ಸಂಪಾದಕನ ಪಾಳಿ ನನ್ನದು. ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮದು 14 ಜನರ ಪುಟ್ಟ ಗುಂಪು. ಪೋಲೆಂಡ್, ಜಪಾನ್, ಪೋರ್ಚುಗಲ್, ಜರ್ಮನಿ, ಡೆನ್ಮಾರ್ಕ್, ಉರುಗ್ವೆ, ಅಮೆರಿಕದವರು ಇದ್ದಾರೆ. ಭಾರತದಿಂದ ಕೋಲ್ಕತ್ತದ ಒಬ್ಬರು ಮತ್ತು ನಾನು. ಗುಂಪಿಗೆ ಹೆಸರಿಲ್ಲ, ನೋಂದಣಿ ಇಲ್ಲ, ದುಡ್ಡಿನ ವ್ಯವಹಾರವಂತೂ ಇಲ್ಲವೇ ಇಲ್ಲ. ಸಂಪಾದಕ ಒಂದು ವಿಷಯ ಕೊಡುತ್ತಾನೆ. ಉಳಿದವರು ಎ5 ಅಳತೆಯ ಒಂದು ಪುಟ ಮಾಡಿ, ಅದರ 16 ಪ್ರತಿ ಅಂಚೆಯಲ್ಲಿ ಕಳಿಸುತ್ತಾರೆ. ಅವನ್ನೆಲ್ಲ ಜೋಡಿಸಿ ಹೊಲಿದರೆ 16 ಪುಸ್ತಕ. ಎಲ್ಲರಿಗೂ ಒಂದೊಂದು. ಮಿಕ್ಕ ಎರಡರಲ್ಲಿ ಒಂದು ಸಂಗ್ರಹಕ್ಕೆ, ಇನ್ನೊಂದು ಯಾವುದಾದರೂ ದಾರಿಯಲ್ಲಿ ಕಳೆದುಹೋದರೆ ಇರಲಿ ಅಂತ.

ಈ ಪದ್ಧತಿ ನಮ್ಮ ತಲೆಯಿಂದ ಬಂದದ್ದಲ್ಲ. ಅಂಚೆ ಕಲೆ ಅಂದರೆ ಮೊದಲು ಬರುವ ಹೆಸರು ನ್ಯೂಯಾರ್ಕಿನ ರೇ ಜಾನ್ಸನ್. 1950ರ ದಶಕದಿಂದಲೇ ಚಿತ್ರ, ಕತ್ತರಿಸಿದ ಕಾಗದ ಎಲ್ಲವನ್ನೂ ಲಕೋಟೆಗೆ ಹಾಕಿ ಕಳಿಸುತ್ತಿದ್ದ. 'ಇದಕ್ಕೆ ಏನಾದರೂ ಸೇರಿಸಿ ವಾಪಸ್ ಕಳಿಸು' ಅನ್ನುವುದು ಅವನ ಆಟ. ಆದರೆ ನಾವು ನೇರವಾಗಿ ನಕಲು ಹೊಡೆದಿರುವುದು ಪೋಲೆಂಡಿನ ಪಾವೆಲ್ ಪೆಟಾಷ್‌ನನ್ನು. ಅವನು 1977ರಲ್ಲಿ ಶುರುಮಾಡಿದ 'ಕಾಮನ್‌ಪ್ರೆಸ್' ಪತ್ರಿಕೆಗೆ ಪ್ರತಿ ಸಂಚಿಕೆಗೂ ಬೇರೆ ಸಂಪಾದಕ, ಬೇರೆ ದೇಶ. ಪತ್ರಗಳನ್ನು ಸರ್ಕಾರ ಒಡೆದು ಓದುತ್ತಿದ್ದ ಕಾಲ ಅದು. ನಮ್ಮ ಉರುಗ್ವೆಯ ಗೆಳೆಯನಿಗೆ ಈ ಇತಿಹಾಸ ಇನ್ನೂ ಹತ್ತಿರದ್ದು. ಅಲ್ಲಿನ ಮಿಲಿಟರಿ ಸರ್ಕಾರ 1977ರಲ್ಲಿ ಕ್ಲೆಮೆಂಟೆ ಪದೀನ್ ಮತ್ತು ಹೋರ್ಹೆ ಕಾರಬಾಯೊ ಎಂಬ ಇಬ್ಬರು ಅಂಚೆ ಕಲಾವಿದರನ್ನು ಜೈಲಿಗೆ ಹಾಕಿತ್ತು. ಅವರನ್ನು ಬಿಡಿ ಅಂತ ಎಷ್ಟೋ ದೇಶಗಳ ಕಲಾವಿದರು ಪತ್ರ ಬರೆದರು.

ಆ ಕಾಲದಿಂದ ಬಂದ ಒಂದು ಕಟ್ಟಳೆ ನಮಗೂ ಇದೆ. ಬಂದದ್ದೆಲ್ಲ ಸೇರಬೇಕು. ಆಯ್ಕೆ ಮಾಡುವ ಅಧಿಕಾರ ಸಂಪಾದಕನಿಗಿಲ್ಲ. ನನ್ನ ಪ್ರಕಾರ ಗುಂಪು ಇನ್ನೂ ಉಳಿದಿರುವುದು ಇದೊಂದರಿಂದ. ಯಾರದ್ದು ಚೆಂದ, ಯಾರದ್ದು ಸುಮಾರು ಅಂತ ತೂಗಲು ಹೊರಟಿದ್ದರೆ ಎರಡನೇ ಸುತ್ತಿಗೇ ಜಗಳ ಬಿದ್ದು ಮುಗಿದಿರುತ್ತಿತ್ತು.

ಈ ಸುತ್ತಿಗೆ ನಾನು ಕೊಟ್ಟ ವಿಷಯ: ಮನೆಯಲ್ಲಿ ದಿನಾ ಕೈಗೆ ಬರುವ ಒಂದು ಹತ್ಯಾರು.

ಜುಲೈ

ನನ್ನ ಪುಟಕ್ಕೆ ಮೆಟ್ಟುಗತ್ತಿ. ಯಕ್ಷಗಾನದ ಕಿರೀಟ ಮಾಡು, ಚೆನ್ನಾಗಿ ಕಾಣುತ್ತದೆ ಅಂತ ಮನೆಯಲ್ಲಿ ಹೇಳಿದರು. ಹಸೆ ಚಿತ್ತಾರ ಮಾಡು ಅಂದವರೂ ಇದ್ದಾರೆ. ಚಿತ್ತಾರ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಕಲೆ. ಅದನ್ನು ನಾನು ಲಿನೋ (ಅಚ್ಚು ಹಾಕಲು ಕೆತ್ತುವ ಹಾಸು) ಮೇಲೆ ಕೆತ್ತಿ ನನ್ನ ಸಹಿ ಹಾಕುವುದು ನನಗೆ ಸರಿ ಬರಲಿಲ್ಲ. ಕಿರೀಟ ಆದರೆ ಪ್ರವಾಸೋದ್ಯಮದ ಪೋಸ್ಟರ್ ಆಗಿಬಿಡುತ್ತದೆ. ಬೇರೆ ಬೇರೆ ದೇಶದವರು ಸೇರಿದ ಗುಂಪಿನಲ್ಲಿ ಇದೊಂದು ಕಾಟ ಇದ್ದೇ ಇದೆ. ಪ್ರತಿಯೊಬ್ಬರೂ ತಮ್ಮ ಊರಿನ ರಾಯಭಾರಿ ಆಗಲು ಹೊರಡುತ್ತಾರೆ. ಮೆಟ್ಟುಗತ್ತಿ ನಮ್ಮ ಅಡುಗೆಮನೆಯಲ್ಲಿ ಇದೆ, ಅಷ್ಟೇ ಸಾಕು. ಹಲಗೆ, ಅದರ ಮೇಲೆ ನೆಟ್ಟಗೆ ನಿಂತ ಅಲಗು, ಹಲಗೆ ಮೆಟ್ಟಿ ಹಿಡಿದ ಒಂದು ಕಾಲು. ಅಡಿಕೆ ಸುಲಿಯುವುದಕ್ಕೆ ಈಗ ಯಂತ್ರ ಬಂದಿದೆ, ಆದರೂ ಹಲಸಿನಕಾಯಿಗೆ, ತರಕಾರಿಗೆ ಇದೇ ಬೇಕು.

ಕೆತ್ತುವುದರಲ್ಲಿ ಕಷ್ಟ ಕೊಟ್ಟಿದ್ದು ಚಿತ್ರ ಅಲ್ಲ, ಅಕ್ಷರ. ಬ್ಲಾಕಿನಲ್ಲಿ ಎಲ್ಲವೂ ತಿರುಗುಮುರುಗು ಇರಬೇಕಲ್ಲ. ರೋಮನ್ ಅಕ್ಷರದಲ್ಲಿ ನೇರ ಗೆರೆ ಜಾಸ್ತಿ, ಉಳಿ ಒಂದೇ ದಿಕ್ಕಿಗೆ ಓಡುತ್ತದೆ. ಕನ್ನಡದಲ್ಲಿ ಎಲ್ಲ ದುಂಡು. ಉಳಿಯನ್ನು ಸ್ಥಿರವಾಗಿ ಹಿಡಿದು ಎಡಗೈಯಿಂದ ಲಿನೋವನ್ನೇ ತಿರುಗಿಸುತ್ತಾ ಹೋಗಬೇಕು. ಒತ್ತಕ್ಷರದ ಒಳಗಿನ ಪುಟ್ಟ ಸುಳಿ ಸ್ವಲ್ಪ ತಪ್ಪಿದರೂ ಕಿತ್ತು ಬರುತ್ತದೆ. 'ಮೆಟ್ಟುಗತ್ತಿ'ಯಲ್ಲಿ ಅಂಥವು ಎರಡು. ಟ್ರೇಸಿಂಗ್ ಕಾಗದದಲ್ಲಿ ಬರೆದು ಮಗುಚಿ ಉಜ್ಜಿದೆ. ಮಳೆಯ ತಂಪಿಗೆ ಲಿನೋ ಬಿರುಸಾಗಿರುತ್ತದೆ. ಬಚ್ಚಲ ಒಲೆಯ ಹತ್ತಿರ ಸ್ವಲ್ಪ ಹೊತ್ತು ಇಟ್ಟರೆ ಮೆತ್ತಗಾಗಿ ಬೆಣ್ಣೆಯಂತೆ ಕೊರೆಯಲು ಬರುತ್ತದೆ.

ಜುಲೈ ಕೊನೆ

ಒಣಗುತ್ತಿಲ್ಲ! ನಾನು ಬಳಸುವುದು ಎಣ್ಣೆ ಶಾಯಿ. ಅದರಲ್ಲಿರುವ ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಚಳಿ, ತೇವ ಎರಡೂ ಸೇರಿದರೆ ಆ ಕೆಲಸ ನಿಧಾನ. ಶಿರಸಿಯ ಆಷಾಢದಲ್ಲಿ ಎರಡಕ್ಕೂ ಬರ ಇಲ್ಲ. ಪ್ರಿಂಟುಗಳನ್ನು ಬಚ್ಚಲಿನ ಮೇಲಿನ ಅಟ್ಟದಲ್ಲಿ ಹಗ್ಗ ಕಟ್ಟಿ, ಕ್ಲಿಪ್ ಹಾಕಿ ನೇತುಹಾಕಿದ್ದೇನೆ. ಹೊಗೆ ತಾಗಿ ಕಾಗದದ ಅಂಚು ಸ್ವಲ್ಪ ಕಂದಿದೆ. ಇರಲಿ, ಅದೂ ನಮ್ಮ ಮನೆಯದ್ದೇ.

ಆಗಸ್ಟ್

ಲಕೋಟೆಗಳು ಬರಲು ಶುರು. ಜಪಾನಿನ ಗೆಳತಿಯದ್ದು ಕತ್ಸುಒಬುಶಿ ತುರಿಯುವ ಪೆಟ್ಟಿಗೆ, ಅಂದರೆ ಒಣಗಿಸಿದ ಬೊನಿಟೊ ಮೀನನ್ನು ಹೆರೆಯುವ ಮರದ ಹತ್ಯಾರು. ಬಡಗಿಯ ಉಜ್ಜುಗೊರಡನ್ನು ಮಗುಚಿ ಡಬ್ಬಿಯ ಮೇಲೆ ಇಟ್ಟ ಹಾಗೆ ಇರುತ್ತದೆ. ಅವಳು ಅಚ್ಚು ಹಾಕಿದ್ದು 'ಪ್ರಿಂಟ್ ಗೊಕ್ಕೊ'ದಲ್ಲಿ. ರಿಸೊ ಕಂಪನಿ 1977ರಲ್ಲಿ ತಂದ ಮನೆಬಳಕೆಯ ಪುಟ್ಟ ಅಚ್ಚುಯಂತ್ರ ಅದು. ಬಲ್ಬು ಫಳ್ ಅಂತ ಉರಿದು, ಶಾಯಿ ಹಾಯುವ ಜಾಲರಿ ಪರದೆಗೆ ಚಿತ್ರ ಇಳಿಯುತ್ತದೆ. ಒಂದು ಪರದೆಗೆ ಹಾಕಿದ ಬಲ್ಬು ಮತ್ತೆ ಕೆಲಸಕ್ಕೆ ಬಾರದು. ಯಂತ್ರದ ಮಾರಾಟ 2008ಕ್ಕೇ ನಿಂತಿತು. ಬಲ್ಬು, ಶಾಯಿಯ ಪೂರೈಕೆ 2012ಕ್ಕೆ ಮುಗಿಯಿತು. ಹಾಗಾಗಿ ಅವಳ ಪ್ರತಿ ಪುಟಕ್ಕೂ ಹಳೇ ದಾಸ್ತಾನಿನ ಬಲ್ಬು ಖರ್ಚಾಗುತ್ತದೆ. ಅವಳಿಗೆ ಈ ಹುಚ್ಚು ಹಿಡಿಸಿದ್ದು ಒಸಾಕಾ ಕಡೆಯ ರ್ಯೊಸುಕೆ ಕೊಹೆನ್. 1985ರಿಂದ ಆತ 'ಬ್ರೈನ್ ಸೆಲ್' ಎಂಬ ಎ3 ಹಾಳೆ ತರುತ್ತಿದ್ದಾನೆ. ಹತ್ತಾರು ಜನ ಕಳಿಸಿದ ಮುದ್ರೆ, ಚಿತ್ರಗಳನ್ನು ಒಂದೇ ಹಾಳೆಯಲ್ಲಿ ಸೇರಿಸಿ, 150 ಪ್ರತಿ ಹಾಕಿ, ಭಾಗವಹಿಸಿದವರಿಗೆಲ್ಲ ಕಳಿಸುತ್ತಾನೆ. ಅವನ ತಾಳ್ಮೆಯಲ್ಲಿ ಕಾಲುಭಾಗ ಇದ್ದರೂ ನಾನು ಗೆದ್ದೆ.

ಪೋಲೆಂಡಿನಿಂದ ಆಲೂಗಡ್ಡೆ ತುರಿಮಣೆ. ತುರಿಮಣೆಯನ್ನೇ ಕಾಗದದ ಕೆಳಗಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ತೆಗೆದಿದ್ದಾಳೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಇದು. ಅಮೆರಿಕದ ಒಬ್ಬರದ್ದು ಮಸುಕು ಜೆರಾಕ್ಸ್, ಏನು ಅಂತಲೇ ಗೊತ್ತಾಗುವುದಿಲ್ಲ. ಸ್ಟೇಪ್ಲರ್ ಇರಬೇಕು. ಕಟ್ಟಳೆ ಕಟ್ಟಳೆಯೇ, ಅದೂ ಸೇರಿತು. ತುರಿಮಣೆಯ ಎದುರು ಇಟ್ಟೆ. ಎರಡೂ ಬೂದು ಬಣ್ಣ. ಆಶ್ಚರ್ಯ ಅಂದರೆ ಜೋಡಿ ಚೆನ್ನಾಗಿಯೇ ಕುಳಿತಿದೆ.

ನಿಜವಾದ ಪೇಚಾಟ ಉರುಗ್ವೆಯದ್ದು. ಅಲ್ಲಿ ಹೆಚ್ಚಿನವರ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ 'ಮಾತೆ' ಎಂಬ ಎಲೆಯ ಕಷಾಯ ತುಂಬಿದ ಸೋರೆ ಬುರುಡೆ. ಅದನ್ನು ಹೀರುವ ಲೋಹದ ಕೊಳವೆ ಬೊಂಬಿಲ್ಯಾ. ಅವನು ಅದರ ಚಿತ್ರ ಬರೆದು, ಪಕ್ಕದಲ್ಲಿ ಬಟ್ಟೆಯ ಪುಟ್ಟ ಚೀಲ ಹೊಲಿದು, ಒಳಗೆ ಮಾತೆಯ ಪುಡಿಯನ್ನೇ ತುಂಬಿದ್ದಾನೆ. ಎಲ್ಲ 16ಕ್ಕೂ! ಮೂಸಿದರೆ ಒಣಹುಲ್ಲು, ಹೊಗೆ ಸೇರಿದ ವಾಸನೆ. ಆದರೆ ಎಲೆ, ಬೀಜ, ಪುಡಿ ಅಂತ ಏನಾದರೂ ಕಂಡರೆ ಕಸ್ಟಮ್ಸ್‌ನವರು ಇಡೀ ಲಕೋಟೆ ತಡೆಯಬಹುದು. ಒಂದು ಪುಟಕ್ಕಾಗಿ ಉಳಿದ 13 ಪುಟ ಸಿಕ್ಕಿಬೀಳುತ್ತವೆ. ತೆಗೆಯುವ ಹಕ್ಕು ನನಗಿಲ್ಲ. ಅವನನ್ನೇ ಕೇಳಿದೆ. ಪುಡಿ ಚೆಲ್ಲಿ ಚೀಲವನ್ನು ಕಷಾಯದಲ್ಲಿ ಅದ್ದಿ ಒಣಗಿಸು ಅಂದ. ಹಾಗೇ ಮಾಡಿದೆ. ಮಿಕ್ಕ ಕಷಾಯ ಕುಡಿದೆವು. ಕಹಿ. ಅಮ್ಮ ಬೆಲ್ಲ ಹಾಕಿಕೊಂಡಳು, ಉರುಗ್ವೆಯಲ್ಲಿ ಹೇಳಬೇಡಿ.

ಸೆಪ್ಟೆಂಬರ್

ಹೊಲಿಗೆ. ಬಿಡಿ ಹಾಳೆಗಳಾದ್ದರಿಂದ ನಡುವೆ ಮಡಚಿ ಹೊಲಿಯಲು ಬರುವುದಿಲ್ಲ. ಜಪಾನಿನ ನಾಲ್ಕು ತೂತಿನ ಅಂಚು ಹೊಲಿಗೆಯೇ ಸರಿ. ತೂತಿಗೆ ಅಡಿಕೆ ಚೀಲ ಹೊಲಿಯುವ ದಬ್ಬಣ, ದಾರಕ್ಕೆ ಜೇನುಮೇಣ ಸವರಿದ ಹತ್ತಿ ನೂಲು. ರಕ್ಷಾಪುಟ ಲಗ್ನಪತ್ರಿಕೆ ಪ್ರೆಸ್ಸಿನಲ್ಲಿ ಸುಮ್ನೆ ಬಿದ್ದಿದ್ದ ಕತ್ತರಿಸಿದ ದಪ್ಪ ಹಾಳೆ. ಹೊರಗೆ ಖಾಲಿ. ಒಳಮೈಯಲ್ಲಿ ಅರ್ಧ ಗಣಪತಿ, 'ಆಶೀರ್ವಾದವೇ ಉಡುಗೊರೆ' ಅನ್ನುವುದರ ಬಾಲ, ಯಾರದ್ದೋ ಮುಹೂರ್ತ. ಯಾವ ಎರಡು ಪುಸ್ತಕವೂ ಒಂದೇ ಥರ ಇಲ್ಲ.

ಕಳಿಸುವುದು ಮಾತ್ರ ಈ ವರ್ಷ ದೊಡ್ಡ ತಲೆನೋವು. ಅಮೆರಿಕ 800 ಡಾಲರ್‌ವರೆಗಿನ ಸುಂಕವಿನಾಯಿತಿಯನ್ನು ಆಗಸ್ಟ್ 29ಕ್ಕೆ ತೆಗೆದುಹಾಕಿತು. ಸುಂಕ ಯಾರು ಹೇಗೆ ವಸೂಲಿ ಮಾಡಬೇಕು ಅನ್ನುವುದೇ ಸ್ಪಷ್ಟವಿಲ್ಲದೆ ವಿಮಾನ ಕಂಪನಿಗಳು ಅಂಚೆ ಒಯ್ಯಲು ಹಿಂಜರಿದವು. ಭಾರತದಿಂದ ಆ ಕಡೆಗೆ ಅಂಚೆಯೇ ನಿಂತಿದೆ. ಹಾಗಾಗಿ ಅಮೆರಿಕದ ಪ್ರತಿಗಳು ಕಪಾಟಿನಲ್ಲಿ. ಯುರೋಪಿನವು ಹೊರಟವು. ಖಾಸಗಿಯಾಗಿ ಕಳಿಸುವ ಉಡುಗೊರೆಗೆ ಅಲ್ಲಿ 45 ಯೂರೊವರೆಗೆ ತೆರಿಗೆ ಇಲ್ಲ, ಅದರಿಂದ ಕಸ್ಟಮ್ಸ್ ಚೀಟಿಯಲ್ಲಿ 'ಉಡುಗೊರೆ' ಅಂತ ಗುರುತು ಹಾಕಿದೆ.

ಅಕ್ಟೋಬರ್

15ರಿಂದ ಅಮೆರಿಕಕ್ಕೆ ಅಂಚೆ ಮತ್ತೆ ಶುರು. ಆ ವಾರವೇ ಕಳಿಸಿದೆ.

ಡೆನ್ಮಾರ್ಕಿನ ಗೆಳೆಯನ ಉತ್ತರ ಬಂತು. ಪುಸ್ತಕ ತಲುಪಿದೆ. ಒಳಮೈಯ ಅರ್ಧ ಗಣಪತಿ ಯಾರು, ಉಳಿದರ್ಧ ಯಾರ ಹತ್ತಿರ ಇದೆ ಅಂತ ಕೇಳಿದ್ದಾನೆ. ಅವರ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ ಈ ವರ್ಷದ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸುತ್ತಿದೆ. ಆ ದೇಶದಲ್ಲಿ 1624ರಿಂದ ನಡೆದು ಬಂದ ಸರ್ಕಾರಿ ಅಂಚೆ ಅದು. ಬೀದಿಯ ಕೆಂಪು ಡಬ್ಬಗಳನ್ನು ಜೂನ್‌ನಿಂದಲೇ ಕೀಳುತ್ತಿದ್ದಾರೆ. ಇನ್ನು ಮುಂದೆ ಪತ್ರಗಳನ್ನು ಖಾಸಗಿ ಕಂಪನಿ ಹಂಚುತ್ತದಂತೆ. ಅವನ ಪುಟದಲ್ಲಿದ್ದ ಹತ್ಯಾರು ಲಕೋಟೆ ಬಿಡಿಸುವ ಚಾಕು. ಆಗಸ್ಟ್‌ನಲ್ಲಿ ಬಂದಾಗ ಸಪ್ಪೆ ಅನಿಸಿತ್ತು.

ಮುಂದಿನ ಸುತ್ತಿಗೆ ಪೋರ್ಚುಗಲ್ಲಿನವರು ಸಂಪಾದಕರು. ವಿಷಯ 'ಗದ್ದಲ', ಅಳತೆ ಎ6, ಕೊನೆ ದಿನಾಂಕ ಮಾರ್ಚ್. ಒಣಗಿಸುವ ಚಿಂತೆ ಇಲ್ಲದ ಕಾಲ ಅದು, ಎರಡು ಬಣ್ಣದಲ್ಲಿ ಮಾಡಬಹುದು. ಅಡಿಕೆ ಸುಲಿಯುವ ಯಂತ್ರದ ಸದ್ದನ್ನು ಲಿನೋದಲ್ಲಿ ಹೇಗೆ ಕೆತ್ತುವುದು ಅಂತ ನೋಡುತ್ತಿದ್ದೇನೆ.