ಬಿಚ್ಚಿ ಕಟ್ಟುವ ಮನೆ: ಒರ್ಖೊನ್ ಕಣಿವೆಯ ಗೆರ್‌ಗಳು

ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ನಿಂದ ಪಶ್ಚಿಮಕ್ಕೆ ಸುಮಾರು 360 ಕಿ.ಮೀ. ಹೋದರೆ ಖರ್ಖೊರಿನ್. ಡಾಂಬರಿನ ಭರವಸೆ ಅಲ್ಲಿಯವರೆಗೆ. ಮುಂದೆ ಒರ್ಖೊನ್ ಕಣಿವೆಯ ಒಳಕ್ಕೆ ಹುಲ್ಲಿನ ಮೇಲೆ ಬಿದ್ದ ಚಕ್ರದ ಜಾಡುಗಳೇ ದಾರಿ. ಒಂದು ಜಾಡು ಕೆಸರಾದರೆ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಪ್ರವಾಸಿಗರು ಹೆಚ್ಚು ಬರುವ ಜುಲೈ, ಆಗಸ್ಟ್‌ನಲ್ಲೇ ಮಳೆಯೂ ಹೆಚ್ಚು. ಹಳ್ಳ ಉಕ್ಕಿದರೆ ರಷ್ಯಾದ ಗಟ್ಟಿ ವ್ಯಾನೂ ದಡದಲ್ಲಿ ಕಾಯಲೇಬೇಕು. ಹಾಗಾಗಿ ಒಂದು ದಿನವನ್ನು ಕೈಯಲ್ಲಿ ಉಳಿಸಿಕೊಂಡೇ ಹೊರಡುವುದು ಒಳ್ಳೆಯದು.

ಕಣಿವೆಯಲ್ಲಿ ದೂರದಿಂದ ಬಿಳಿ ಬೊಟ್ಟಿನಂತೆ ಕಾಣುವುದೇ ಗೆರ್. ಹೊರಗಿನವರು ಯರ್ಟ್ ಎನ್ನುತ್ತಾರೆ, ಅದು ತುರ್ಕಿ ಮೂಲದ ಮಾತು. ಮಂಗೋಲಿಯನ್ನರಿಗೆ ಗೆರ್ ಎಂದರೆ ಮನೆ, ಅಷ್ಟೆ. ಇದನ್ನು ಡೇರೆ ಎನ್ನುವುದು ಸರಿಯಲ್ಲ. ಡೇರೆ ನಿಲ್ಲಲು ನೆಲಕ್ಕೆ ಗೂಟ ಹೊಡೆಯಬೇಕು. ಗೆರ್ ಗೂಟದ ಹಂಗಿಲ್ಲದೆ ತನ್ನ ಬಿಗಿಯಿಂದಲೇ ನಿಲ್ಲುತ್ತದೆ.

ಗೋಡೆಯ ಒಂದೊಂದು ಜಾಲರಿ ಹಲಗೆಗೂ ಖನ ಎಂದು ಹೆಸರು. ವಿಲೋ ಮರದ ತೆಳು ಪಟ್ಟಿಗಳನ್ನು ಅಡ್ಡಡ್ಡ ಇಟ್ಟು ಹಸಿ ಚರ್ಮದ ದಾರದಿಂದ ಪೋಣಿಸಿರುತ್ತಾರೆ. ಕತ್ತರಿಯಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಮನೆಯ ಅಳತೆ ಹೇಳುವುದೂ ಖನದ ಲೆಕ್ಕದಲ್ಲೇ. ಸಾಮಾನ್ಯ ಸಂಸಾರಕ್ಕೆ ಐದು ಖನದ ಗೆರ್, ಅಂದರೆ ಅಡ್ಡಳತೆ ಸುಮಾರು 6 ಮೀಟರ್. ಅದಕ್ಕೆ ಸುಮಾರು 80 ಉನಿ, ಅಂದರೆ ಚಾವಣಿಯ ಗಳಗಳು. ನೆತ್ತಿಯಲ್ಲಿ ತೋನೊ ಎಂಬ ಮರದ ಚಕ್ರ, ಅದನ್ನು ಹೊರಲು ಎರಡು ಬಗನ ಕಂಬಗಳು, ದಕ್ಷಿಣಕ್ಕೆ ಮರದ ಬಾಗಿಲು. ಚಳಿಗಾಳಿ ವಾಯವ್ಯದಿಂದ ಬೀಸುವ ನಾಡಿನಲ್ಲಿ ಬಾಗಿಲಿಗೆ ಬೇರೆ ದಿಕ್ಕು ಹೊಂದದು.

ಕಟ್ಟುವಾಗ ಮೊದಲು ನೆಲಹಾಸು, ಅದರ ಮೇಲೆ ಮಂಚ, ಪೆಟ್ಟಿಗೆ. ಗೋಡೆ ಆಮೇಲೆ, ಏಕೆಂದರೆ ದೊಡ್ಡ ಪೆಟ್ಟಿಗೆಗಳು ಆ ಗಿಡ್ಡ ಬಾಗಿಲಲ್ಲಿ ತೂರುವುದಿಲ್ಲ. ಸುತ್ತ ಖನಗಳನ್ನು ನಿಲ್ಲಿಸಿ ಬಾಗಿಲ ಚೌಕಟ್ಟಿಗೆ ಕಟ್ಟುತ್ತಾರೆ. ಗೋಡೆಯ ಮೇಲಂಚಿನ ಸುತ್ತ ಒಂದು ಒಳಪಟ್ಟಿ ಬಿಗಿಯುತ್ತಾರೆ. ನೋಡುವವರ ಕಣ್ಣೆಲ್ಲ ತೋನೊದ ಬಣ್ಣದ ಮೇಲೆ, ಆದರೆ ಮನೆಯ ಜೀವ ಈ ಪಟ್ಟಿಯಲ್ಲಿದೆ. ಚಾವಣಿಯ ಭಾರ ಉನಿಗಳ ಮೂಲಕ ಇಳಿದು ಗೋಡೆಯನ್ನು ಹೊರಕ್ಕೆ ನೂಕುತ್ತದೆ, ಪಟ್ಟಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಸಡಿಲವಾಗಿ ಕಟ್ಟಿದರೆ ಗೋಡೆ ಅಗಲವಾಗಿ ತೋನೊ ಕುಸಿಯುತ್ತದೆ, ಬಾಗಿಲು ಮುಚ್ಚುವುದೇ ಇಲ್ಲ.

ಇನ್ನು ತೋನೊ ಎತ್ತುವುದು. ಒಬ್ಬರು ಬಗನಗಳನ್ನು ಹಿಡಿದು ನಿಂತರೆ ಉಳಿದವರು ಉನಿಯ ಚೂಪು ತುದಿಯನ್ನು ಚಕ್ರದ ತೂತಿಗೆ ಸೇರಿಸಿ, ಬುಡದ ಕುಣಿಕೆಯನ್ನು ಖನದ ತಲೆಗೆ ಸಿಕ್ಕಿಸುತ್ತಾರೆ. ನಾಲ್ಕೂ ದಿಕ್ಕಿಗೆ ಒಂದೊಂದು ಹಾಕಿಯೇ ಮುಂದಿನದು. ಒಂದೇ ಕಡೆಯಿಂದ ತುಂಬಿಸುತ್ತ ಬಂದರೆ ಚಕ್ರ ವಾಲಿ, ಹಾಕಿದ ಉನಿಗಳೂ ಕಳಚಿ ತಲೆಯ ಮೇಲೆ ಬೀಳುತ್ತವೆ. ಹೊಸಬರು ಮಾಡುವ ಇನ್ನೊಂದು ತಪ್ಪು ಖನಗಳನ್ನು ಅತಿಯಾಗಿ ಹಿಗ್ಗಿಸುವುದು. ಗೋಡೆ ಗಿಡ್ಡವಾಗುತ್ತದೆ, ಸುತ್ತಳತೆ ಬೆಳೆಯುತ್ತದೆ, ಉನಿ ಎಟಕುವುದಿಲ್ಲ.

ಮೇಲೆ ಉಣ್ಣೆಯ ದಪ್ಪ ಹೊದಿಕೆ, ಎಸ್ಗೀ. ಇದು ನಮ್ಮ ಕುರುಬರ ಕಂಬಳಿಯಂತೆ ನೇಯ್ದದ್ದಲ್ಲ. ಕುರಿಯ ತುಪ್ಪಟವನ್ನು ಕೋಲಿನಿಂದ ಬಡಿದು, ‘ತಾಯಿ’ ಎಂದು ಕರೆಯುವ ಹಳೇ ಎಸ್ಗೀಯ ಮೇಲೆ ಹರಡಿ, ನೀರು ಚಿಮುಕಿಸಿ, ಉದ್ದನೆ ಕೋಲಿಗೆ ಸುತ್ತಿ, ಕುದುರೆಗೋ ಒಂಟೆಗೋ ಕಟ್ಟಿ ಹುಲ್ಲುಗಾವಲಿನಲ್ಲಿ ಉರುಳಿಸಿ ಎಳೆಸುತ್ತಾರೆ. ಎಳೆ ಎಳೆಗೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಬೇಸಿಗೆಗೆ ಒಂದು ಪದರ ಸಾಕು, ಚಳಿಗಾಲಕ್ಕೆ ಎರಡು ಮೂರು. ಅದರ ಮೇಲೆ ಬಿಳಿ ಬಟ್ಟೆ, ಸುತ್ತ ಹೊರ ಹಗ್ಗಗಳು. ನೆತ್ತಿಗೆ ಒರ್ಖ್ ಎಂಬ ಚೌಕದ ಮುಚ್ಚಳ: ಬೆಳಿಗ್ಗೆ ಹಗ್ಗ ಎಳೆದು ತೆರೆದರೆ ರಾತ್ರಿ, ಮಳೆಗೆ ಮುಚ್ಚುವುದು. ತೋನೊದಿಂದ ಒಳಗೆ ಇಳಿಬಿಟ್ಟ ಹಗ್ಗ ಅಲಂಕಾರವಲ್ಲ. ಬಿರುಗಾಳಿ ಎದ್ದಾಗ ಅದಕ್ಕೆ ಭಾರ ಕಟ್ಟುತ್ತಾರೆ, ಇಲ್ಲವೇ ಮನೆಯವರೇ ಜೋತುಬೀಳುತ್ತಾರೆ. ಕೈ ತಿಳಿದ ಇಬ್ಬರು ಮೂವರಿಗೆ ಇಷ್ಟೂ ಒಂದೆರಡು ಗಂಟೆಯ ಕೆಲಸ, ಬಿಚ್ಚುವುದು ಇನ್ನೂ ಬೇಗ. ಗೆರ್ ಕಟ್ಟುವ ಈ ಕುಶಲತೆ 2013ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಗೆರ್ ಹತ್ತಿರ ಹೋಗುವವರು ಬಾಗಿಲು ಬಡಿಯುವುದಿಲ್ಲ. ದೂರದಿಂದಲೇ ‘ನೊಖೊಯ್ ಖೋರ್’ ಎಂದು ಕೂಗುತ್ತಾರೆ, ನಾಯಿ ಹಿಡಿಯಿರಿ ಎಂದರ್ಥ. ಇದನ್ನು ಬರೀ ಶಿಷ್ಟಾಚಾರ ಎಂದುಕೊಳ್ಳಬೇಡಿ, ನಾಯಿಗಳು ನಿಜಕ್ಕೂ ಕಚ್ಚುತ್ತವೆ. ಹೊಸ್ತಿಲು ತುಳಿಯಬಾರದು, ಇದನ್ನು ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ. ಒಳಗೆ ಅತಿಥಿ ಎಡಕ್ಕೆ, ಅಂದರೆ ಪಶ್ಚಿಮಕ್ಕೆ ತಿರುಗಬೇಕು. ಗಂಡಸರ ಕಡೆ ಅದು, ಜೀನು ಕಡಿವಾಣ ಇರುವುದೂ ಅಲ್ಲೇ. ಪೂರ್ವ ಹೆಂಗಸರದು, ಅಡುಗೆಯದು. ಬಾಗಿಲಿಗೆ ಎದುರಾದ ಖೊಯ್ಮೊರ್ ಹಿರಿಯರಿಗೂ ದೇವರಿಗೂ ಮೀಸಲು. ಆ ಬೌದ್ಧ ಪೀಠಕ್ಕೂ ನಮ್ಮ ಉತ್ತರ ಕನ್ನಡಕ್ಕೂ ಒಂದು ನಂಟಿದೆ: ಮುಂಡಗೋಡಿನ ಡ್ರೆಪುಂಗ್ ಗೋಮಾಂಗ್ ಮಠದಲ್ಲಿ ಮಂಗೋಲಿಯದ ಭಿಕ್ಷುಗಳು ಓದುತ್ತಾರೆ. ಎರಡು ಬಗನಗಳ ನಡುವೆ ದಾಟುವುದು, ಒಲೆಗೆ ಕಸ ಹಾಕುವುದು ಸಲ್ಲ.

ಒಲೆಯ ಉರುವಲು ಅರ್ಗಲ್, ಬಯಲಲ್ಲಿ ತಾನಾಗಿ ಒಣಗಿದ ಸಗಣಿ. ಬೆರಣಿ ತಟ್ಟುವ ಕೆಲಸವೇ ಇಲ್ಲ, ಬುಟ್ಟಿ ಬೆನ್ನಿಗೇರಿಸಿ ಆರಿಸಿ ತಂದರಾಯಿತು. ಪ್ರವಾಸಿ ಗೆರ್‌ಗಳಲ್ಲಿ ಕಟ್ಟಿಗೆ ಕೊಡುತ್ತಾರೆ. ಅದು ಎರಡು ಮೂರು ಗಂಟೆಗೆ ಉರಿದು ಬೂದಿಯಾಗಿ, ನಡುರಾತ್ರಿ ಜುಲೈನಲ್ಲೂ ಚಳಿ ಹಿಡಿಸುತ್ತದೆ. ಕೆಂಡ ಇರುವಾಗ ಒರ್ಖ್ ಪೂರ್ತಿ ಮುಚ್ಚಿ ಮಲಗಬೇಡಿ, ವಿಷಗಾಳಿ ತುಂಬುತ್ತದೆ.

ಕುಳಿತ ಕೂಡಲೇ ಉಪ್ಪು ಹಾಕಿದ ಹಾಲಿನ ಚಹಾ ಬರುತ್ತದೆ, ಸೂತೈ ತ್ಸೈ. ಚಹಾ ಎಂದುಕೊಂಡು ಕುಡಿದರೆ ಮುಖ ಕಿವುಚುತ್ತದೆ, ತೆಳು ಸಾರು ಎಂದುಕೊಂಡರೆ ಇಳಿಯುತ್ತದೆ. ಬೇಸಿಗೆಯಲ್ಲಿ ಐರಗ್, ಹುಳಿಬಂದ ಕುದುರೆ ಹಾಲು. ಚರ್ಮದ ಚೀಲದಲ್ಲಿ ಸಾವಿರಾರು ಸಲ ಕಡೆದದ್ದು, ತುಸು ಅಮಲೂ ಇದೆ. ಬಲಗೈಯಲ್ಲಿ ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದು ಮರಳಿಸಬಹುದು. ಮೊದಲ ದಿನವೇ ಬಟ್ಟಲುಗಟ್ಟಲೆ ಕುಡಿದರೆ ಹೊಟ್ಟೆ ಕೆಡುವುದು ಖಂಡಿತ. ಶಾಕಾಹಾರಿಗಳಿಗೆ ಇದು ಕಷ್ಟದ ನಾಡು: ಮೊಸರು, ಕೆನೆ, ಕಲ್ಲಿನಂಥ ಒಣ ಗಿಣ್ಣು ಆರೂಲ್ ಸಿಗುತ್ತವೆ, ಉಳಿದಂತೆ ಮಾಂಸವೇ. ಅವಲಕ್ಕಿ, ಚಟ್ನಿಪುಡಿ ಚೀಲದಲ್ಲಿರಲಿ.

ಇವರನ್ನು ಅಲೆಮಾರಿಗಳು ಎಂದು ಬರೆಯುವುದು ನಮ್ಮಲ್ಲಿ ರೂಢಿ. ಆದರೆ ಅಲೆಯುವುದು ಇಲ್ಲಿಲ್ಲ. ಬೇಸಿಗೆಗೆ ನದಿಯ ಬದಿ, ಶರತ್ಕಾಲಕ್ಕೆ ದನ ಕೊಬ್ಬಲು ಬೇರೆ ಹುಲ್ಲು, ಚಳಿಗಾಲಕ್ಕೆ ಗಾಳಿ ತಟ್ಟದ ಗುಡ್ಡದ ಮಗ್ಗುಲು, ವಸಂತಕ್ಕೆ ಮರಿ ಹಾಕುವ ಜಾಗ. ನಾಲ್ಕೂ ಗೊತ್ತಿದ್ದ ನೆಲೆಗಳೇ. ಸಂವಿಧಾನದ ಪ್ರಕಾರ ಹುಲ್ಲುಗಾವಲು ಯಾರ ಖಾಸಗಿ ಸ್ವತ್ತೂ ಆಗುವಂತಿಲ್ಲ. ಆದರೆ ಚಳಿಗಾಲದ ಬೀಡು ಯಾರದೆಂದು ಸುತ್ತಲಿನವರಿಗೆಲ್ಲ ಗೊತ್ತು. ಹಿಂದೆ ಒಂಟೆಯ ಮೇಲೆ ಹೋಗುತ್ತಿದ್ದ ಮನೆ ಈಗ ಕೊರಿಯಾದ ಪುಟ್ಟ ಲಾರಿಯಲ್ಲಿ ಹೋಗುತ್ತದೆ.

ಈ ಲೆಕ್ಕ ತಪ್ಪಿಸುವುದು ಜುದ್, ಮಂದೆಗೆ ಮೇವು ನೀರು ಸಿಗದ ಕಠಿಣ ಚಳಿಗಾಲ. ಹಿಮ ಆಳವಾಗಿ ಬಿದ್ದರೆ ಬಿಳಿ ಜುದ್. ಹಿಮವೇ ಬೀಳದೆ ಕುಡಿಯಲು ನೀರಿಲ್ಲದಿದ್ದರೆ ಕರಿ ಜುದ್. ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಹುಲ್ಲಿಗೆ ಗಾಜು ಹೊದಿಸಿದರೆ ಕಬ್ಬಿಣದ ಜುದ್. ಕುದುರೆ ಗೊರಸಿನಿಂದ ಹಿಮ ಕೆದಕಿ ಮೇಯಬಲ್ಲದು, ದನಕ್ಕೆ ಅದು ಬಾರದು. 2009-10ರ ಚಳಿಗಾಲದಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಮಂದೆ ಕಳೆದುಕೊಂಡ ಅನೇಕರು ಗೆರ್ ಬಿಚ್ಚಿ ಲಾರಿಗೆ ಹೇರಿ ರಾಜಧಾನಿಯ ದಾರಿ ಹಿಡಿದರು.

ಮರಳುವಾಗ ಉಲಾನ್‌ಬಾತರ್‌ನ ಗುಡ್ಡಗಳ ಮೇಲೆ ಕಾಣುವ ಸಾಲು ಸಾಲು ಗೆರ್‌ಗಳಲ್ಲಿ ಅವರದೂ ಇವೆ. ಆ ನಗರವೇ 1639ರಲ್ಲಿ ಗೆರ್‌ಗಳ ಸಂಚಾರಿ ಮಠವಾಗಿ ಹುಟ್ಟಿ, ಹಲವು ಸಲ ಜಾಗ ಬದಲಿಸಿ, 1778ರಲ್ಲಿ ತೂಲ್ ನದಿಯ ಬಳಿ ನೆಲೆನಿಂತದ್ದು. ಇಲ್ಲಿ ಗೆರ್ ಸುತ್ತ ಮರದ ಬೇಲಿ, ಮೂಲೆಯಲ್ಲಿ ಗುಂಡಿ ಕಕ್ಕಸು. ಅರ್ಗಲ್ ಸಿಗದ ಕಡೆ ಒಲೆಗೆ ಕಲ್ಲಿದ್ದಲು ಬಂತು, ಚಳಿಗಾಲದಲ್ಲಿ ಊರೇ ಹೊಗೆಯಲ್ಲಿ ಮುಳುಗಿತು. 2019ರ ಮೇ ತಿಂಗಳಿಂದ ಹಸಿ ಕಲ್ಲಿದ್ದಲು ನಿಷೇಧವಾಗಿ, ಈಗ ಸರ್ಕಾರ ಒದಗಿಸುವ ಸಂಸ್ಕರಿಸಿದ ಕಲ್ಲಿದ್ದಲಿನ ಉಂಡೆ ಉರಿಯುತ್ತದೆ. ದುಡ್ಡು ಕೂಡಿದವರು ಬೇಲಿಯೊಳಗೇ ಇಟ್ಟಿಗೆ ಮನೆ ಕಟ್ಟಿಕೊಳ್ಳುತ್ತಾರೆ, ಗೆರ್ ಅನ್ನೂ ಪಕ್ಕದಲ್ಲಿ ಉಳಿಸಿಕೊಳ್ಳುತ್ತಾರೆ.